ಆ ಎರಡು ಇಂಚು ಎಲ್ಲಿ ಹೋಯಿತು?

ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಗುಡ್ಡದ ದಾರಿಗಳನ್ನು ನೀವೆಲ್ಲ ನೋಡಿದ್ದೀರಿ. ಎರಡು ಬದಿಯಲ್ಲಿ ಚಕ್ರ ಹೋಗಿ ಹೋಗಿ ಆದ ಗುಂಡಿ, ನಡುವೆ ಹುಲ್ಲು ಬೆಳೆದ ದಿಬ್ಬ, ಅಲ್ಲಲ್ಲಿ ಮೇಲೆದ್ದು ನಿಂತ ಮುರಕಲ್ಲು. ಟಾರು ರಸ್ತೆಯಿಂದ ನನ್ನ ಅಕ್ಕನ ಮನೆಗೆ ಇಂಥದ್ದೇ ಒಂದೂವರೆ ಕಿಲೋಮೀಟರ್ ದಾರಿ. ಭಾವನ ಹತ್ತಿರ ಒಂದು ಸಣ್ಣ ಫೋರ್‌ವೀಲ್ ಡ್ರೈವ್ ಗಾಡಿ ಉಂಟು. ಬೆಳಿಗ್ಗೆ ಅವರ ಮಗಳು ಮತ್ತು ನೆರೆಮನೆಯ ಇಬ್ಬರು ಮಕ್ಕಳು ಅದರಲ್ಲೇ ಬಸ್ ಸ್ಟಾಪಿಗೆ ಬರುವುದು. ಜೂನ್ ತಿಂಗಳು ಶುರುವಾಯಿತೆಂದರೆ ಗಾಡಿಯ ಅಡಿಭಾಗ ನಡುವಿನ ದಿಬ್ಬಕ್ಕೆ ತಾಗಿ ಕರ್‌ರ್ ಎಂದು ಸದ್ದು ಮಾಡುತ್ತಿತ್ತು.

ಒಂದು ದಿನ ಭಾವ ಕೇಳಿದರು, "ಗಾಡಿಯನ್ನು ಎರಡು ಇಂಚು ಎತ್ತರಿಸಿದ್ರೆ ಆಯ್ತಲ್ಲ ಮಾರಾಯ? ನೀನು ಸಯನ್ಸ್ ಮಾಷ್ಟ್ರು, ಹೇಳು." ನಾನೂ ಯೋಚಿಸದೆ, "ಆಯ್ತು ಭಾವ, ಎರಡು ಇಂಚು ಅಂದ್ರೆ 50 ಮಿಲಿಮೀಟರ್. ಅಷ್ಟು ಜಾಗ ಸಿಗ್ತದೆ" ಎಂದುಬಿಟ್ಟೆ. ಕಾಗದ, ಪೆನ್ನು ಹಿಡಿಯಲೇ ಇಲ್ಲ.

ದೂರದ ಪೇಟೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಆಯಿತು. ಗಾಡಿ ಗತ್ತಿನಿಂದ ಎದ್ದು ನಿಂತಿತು. ಆದರೆ ಮರುದಿನ ಬೆಳಿಗ್ಗೆ ಅದೇ ದಿಬ್ಬ, ಅದೇ ಜಾಗ, ಅದೇ ಕರ್‌ರ್! ಈ ಕತೆಯನ್ನು ಒಂಬತ್ತನೇ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಸರ್, ಹಾಗಾದ್ರೆ ಆ ಎರಡು ಇಂಚು ಎಲ್ಲಿ ಹೋಯ್ತು?"

ಇದು ತುಂಬ ಒಳ್ಳೆಯ ಪ್ರಶ್ನೆ. ಬನ್ನಿ, ಗಾಡಿಯ ಅಡಿಗೆ ಬಗ್ಗಿ ನೋಡೋಣ.

ಸ್ಪ್ರಿಂಗಿನ ಮೇಲೆ, ಸ್ಪ್ರಿಂಗಿನ ಕೆಳಗೆ

ಗಾಡಿಯನ್ನು ಎರಡು ಪಾಲು ಮಾಡಿಕೊಳ್ಳಿ. ಚಾಸಿ, ಬಾಡಿ, ಎಂಜಿನ್, ಸೀಟು, ಒಳಗೆ ಕೂತ ನಾವು, ಇವೆಲ್ಲ ಸ್ಪ್ರಿಂಗಿನ ಮೇಲಿನ ಪಾಲು. ಚಕ್ರ, ಬ್ರೇಕ್, ಎರಡು ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್, ಇವು ಕೆಳಗಿನ ಪಾಲು. ಆಕ್ಸಲ್ಲಿನಲ್ಲಿ ಒಂದು ದಪ್ಪ ಉಂಡೆಯಂಥ ಪೆಟ್ಟಿಗೆ ಕಾಣುತ್ತದೆ. ಅದರೊಳಗೆ ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇರುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದ್ದು ಕಡಿಮೆ. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಅದರ ಕೆಲಸ. ಇಂಥ ಗಾಡಿಗಳಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಸಾಮಾನ್ಯವಾಗಿ ಈ ಉಂಡೆಯೇ.

ಸಸ್ಪೆನ್ಶನ್ ಲಿಫ್ಟ್ ಎಂದರೆ ಉದ್ದದ ಸ್ಪ್ರಿಂಗ್ ಹಾಕಿ ಮೇಲಿನ ಪಾಲನ್ನು ಎತ್ತುವುದು. ಕೆಳಗಿನ ಪಾಲು? ಟೈರು ನೆಲದ ಮೇಲೇ ಇದೆ, ಆಕ್ಸಲ್ ಟೈರಿನ ನಡುವಿಗೇ ಇದೆ. ಅದು ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇರುವ ಮಾರುತಿ ಸುಜುಕಿ ಜಿಮ್ನಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕಂಪೆನಿ ಹೇಳುವ ನೆಲದ ಅಂತರ 210 ಮಿ.ಮೀ. 50 ಮಿ.ಮೀ. ಲಿಫ್ಟ್ ಮಾಡಿದ ಮೇಲೂ ಉಂಡೆಯ ಅಡಿಯಲ್ಲಿ ಅದೇ 210!

ಎಲ್ಲ ಗಾಡಿಯೂ ಹೀಗಲ್ಲ. ಈಗಿನ ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಅಲ್ಲಿ ಮುಂದಿನ ಉಂಡೆ ಚಾಸಿಗೆ ಕೂತಿರುವುದರಿಂದ ಲಿಫ್ಟ್ ಮಾಡಿದರೆ ಅದೂ ಏರುತ್ತದೆ. ಆದರೆ ಹಿಂದಿನದ್ದು ಗಟ್ಟಿ ಆಕ್ಸಲ್, ಅದು ಇದ್ದಲ್ಲೇ ಇರುತ್ತದೆ.

ಉಂಡೆ ಏರಬೇಕಾದರೆ ಟೈರು ದೊಡ್ಡದಾಗಬೇಕು. ಟೈರಿನ ಬದಿಯಲ್ಲಿ ಬರೆದದ್ದನ್ನು ಓದಲು ಕಲಿಯಿರಿ. ಜಿಮ್ನಿಯಲ್ಲಿ 195/80 ಆರ್ 15 ಎಂದಿರುತ್ತದೆ. ಅಗಲ 195 ಮಿ.ಮೀ., ಬದಿಯ ಎತ್ತರ ಅದರ 80 ಶೇಕಡಾ, ಅಂದರೆ 156 ಮಿ.ಮೀ. ರಿಮ್ಮಿನ ವ್ಯಾಸ 15 ಇಂಚು, ಅಂದರೆ 381 ಮಿ.ಮೀ. ಒಟ್ಟು ವ್ಯಾಸ 156 + 381 + 156 = 693 ಮಿ.ಮೀ. ಇದರ ಬದಲು 235/75 ಆರ್ 15 ಹಾಕಿದರೆ? ಲೆಕ್ಕ ಮಾಡಿ ನೋಡಿ, 733.5 ಬರುತ್ತದೆ. ವ್ಯಾಸ 40 ಹೆಚ್ಚಿತು, ಉಂಡೆ ಏರುವುದು ಅದರ ಅರ್ಧ, 20 ಮಿ.ಮೀ. ಮಾತ್ರ. ಜೊತೆಗೆ ಚಕ್ರದ ಸುತ್ತಳತೆ ಸುಮಾರು 6 ಶೇಕಡಾ ಹೆಚ್ಚುವುದರಿಂದ ವೇಗದ ಮುಳ್ಳು 60 ತೋರಿಸುವಾಗ ಗಾಡಿ ಮೊದಲಿಗಿಂತ ಅಷ್ಟೇ ಹೆಚ್ಚು ವೇಗದಲ್ಲಿ, ಹತ್ತಿರ ಹತ್ತಿರ 63ರಲ್ಲಿ, ಓಡುತ್ತಿರುತ್ತದೆ.

ಹಾಗಾದರೆ ಲಿಫ್ಟಿನಿಂದ ಲಾಭ ಎಂತದ್ದು?

ಲಾಭ ಇದೆ. ಅದು ಕೋನಗಳಲ್ಲಿ. ಕಡಿದಾದ ಏರಿನ ಬುಡಕ್ಕೆ ಗಾಡಿ ಬಂದಾಗ ಚಕ್ರಕ್ಕಿಂತ ಮೊದಲು ಬಂಪರ್ ನೆಲಕ್ಕೆ ತಾಗಬಾರದು. ಕಟ್ಟಪುಣಿಯಂಥ ಏರಿಯನ್ನು ದಾಟುವಾಗ ಎರಡು ಜೊತೆ ಚಕ್ರಗಳ ನಡುವಿನ ಹೊಟ್ಟೆ ಸಿಕ್ಕಿಕೊಳ್ಳಬಾರದು. ಜಿಮ್ನಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 2590 ಮಿ.ಮೀ., ಹೊಟ್ಟೆ ತಾಗದೆ ದಾಟಬಲ್ಲ ಏರಿಯ ಕೋನ 24 ಡಿಗ್ರಿ. ತ್ರಿಕೋನಮಿತಿ ಹಾಕಿ ನೋಡಿದರೆ, 50 ಮಿ.ಮೀ. ಎತ್ತರಿಸಿದಾಗ ಅದು ಸುಮಾರು 28 ಡಿಗ್ರಿ ಆಗುತ್ತದೆ. ದೊಡ್ಡ ಬಂಡೆಗಳನ್ನು ಹತ್ತಿಳಿಯುವವರಿಗೆ ಈ 4 ಡಿಗ್ರಿ ದೊಡ್ಡದು. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಂತೆ ಜಾಗವೂ ಸಿಗುತ್ತದೆ. ಆದರೆ ಭಾವನ ಸಮಸ್ಯೆ ಉಂಡೆಯದ್ದು, ಹೊಟ್ಟೆಯದ್ದಲ್ಲ. ಕಾಯಿಲೆ ಒಂದು, ಮದ್ದು ಇನ್ನೊಂದು.

ಹುಕ್ ಹೇಳಿದ್ದು

ಸ್ಪ್ರಿಂಗಿನ ಮೇಲೆ ಹಾಕಿದ ಬಲ ಎಷ್ಟೋ ಅದಕ್ಕೆ ಅನುಪಾತದಲ್ಲಿ ಅದು ಕುಗ್ಗುತ್ತದೆ. ಇದು ಹುಕ್‌ನ ನಿಯಮ. ಲೆಕ್ಕ ಸುಲಭವಾಗಲೆಂದು ಒಂದು ಸ್ಪ್ರಿಂಗಿನ ಮೇಲೆ 250 ಕಿಲೋ ಇದೆ ಎಂದುಕೊಳ್ಳಿ. ತೂಕ ಸುಮಾರು 2500 ನ್ಯೂಟನ್. ಒಂದು ಮಿ.ಮೀ. ಕುಗ್ಗಿಸಲು 25 ನ್ಯೂಟನ್ ಬೇಕಾದ ಸ್ಪ್ರಿಂಗ್ ಆದರೆ ಅದು 100 ಮಿ.ಮೀ. ಕುಗ್ಗುತ್ತದೆ. 30 ನ್ಯೂಟನ್ ಬೇಕಾಗುವ ಗಡುಸು ಸ್ಪ್ರಿಂಗ್ ಹಾಕಿದರೆ ಕುಗ್ಗುವುದು 83 ಮಾತ್ರ. ಅಲ್ಲಿಗೆ 17 ಮಿ.ಮೀ. ಎತ್ತರ ಸಿಕ್ಕಿತು. ಸ್ಪ್ರಿಂಗ್ ಹಳೆಯದಕ್ಕಿಂತ 33 ಮಿ.ಮೀ. ಉದ್ದವೂ ಇದ್ದರೆ ಒಟ್ಟು 50. ಲಿಫ್ಟ್ ಸ್ಪ್ರಿಂಗುಗಳು ಉದ್ದವೂ ಗಡುಸೂ ಆಗಿರುವುದು ಹೆಚ್ಚು. ಸಾಮಾನು ತುಂಬಿದಾಗ ಅದು ಒಳ್ಳೆಯದು, ಖಾಲಿ ಗಾಡಿಯಲ್ಲಿ ಬೆನ್ನು ಕುಲುಕುತ್ತದೆ.

ಸ್ಪ್ರಿಂಗ್ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಬಿಡುತ್ತದೆ. ಅದೊಂದೇ ಇದ್ದರೆ ಗಾಡಿ ಚೆಂಡಿನಂತೆ ಕುಣಿಯುತ್ತದೆ. ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆ ಶಕ್ತಿ ಉಷ್ಣವಾಗಿ ಹೋಗುತ್ತದೆ. ಶಾಕ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಚಕ್ರ ಗುಂಡಿಗೆ ಇಳಿಯುವಾಗ ಆಕ್ಸಲ್ ಎಷ್ಟು ಕೆಳಗೆ ಜೋತು ಬೀಳಬಹುದು ಎಂಬ ಮಿತಿಯನ್ನೂ ಅದೇ ಇಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸರಿಯಾಗಿ ಮಾಡುವ ಕ್ರಮ

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿಯನ್ನು ಎತ್ತಿ ಚಾಸಿಯ ಅಡಿಗೆ ಸ್ಟ್ಯಾಂಡ್ ಇಡುತ್ತಾರೆ. ಬರೇ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು. ಆಕ್ಸಲ್ಲಿಗೆ ಬೇರೆ ಜಾಕ್ ಕೊಟ್ಟು, ಶಾಕಿನ ಬೋಲ್ಟ್ ಬಿಚ್ಚಿ, ಆಕ್ಸಲನ್ನು ಮೆಲ್ಲ ಇಳಿಸಿ ಹಳೇ ಸ್ಪ್ರಿಂಗ್ ತೆಗೆದು ಹೊಸದನ್ನು ಕೂರಿಸುತ್ತಾರೆ. ನಂತರ ಉದ್ದದ ಶಾಕ್. ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಕೊನೆಗೆ ಬಿಗಿ ಮಾಡುವುದು ಗಾಡಿ ನೆಲಕ್ಕಿಳಿದ ಮೇಲೆ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಒಂದು ಸರಳು ಇದೆ. ಅದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್ಲಿಗೆ. ಗಾಡಿ ಏರಿದಾಗ ಸರಳು ಓರೆಯಾಗುತ್ತದೆ, ಆಕ್ಸಲ್ ಒಂದು ಬದಿಗೆ ಸರಿಯುತ್ತದೆ. ಸರಳಿನ ಉದ್ದ 900 ಮಿ.ಮೀ., ತುದಿಗಳ ಎತ್ತರದ ವ್ಯತ್ಯಾಸ 50ರಿಂದ 100 ಆಯಿತು ಎಂದುಕೊಂಡು ಪೈಥಾಗೊರಸ್ ಪ್ರಮೇಯ ಹಾಕಿ. ಆಕ್ಸಲ್ 4 ಮಿ.ಮೀ. ಚಿಲ್ಲರೆ ಸರಿದದ್ದು ಸಿಗುತ್ತದೆ. ಇದನ್ನು ಸರಿಪಡಿಸಲು ಉದ್ದ ಹೊಂದಿಸಬಹುದಾದ ಸರಳು ಬೇಕು.

ಮುಂದಿನ ಆಕ್ಸಲ್ ಸ್ವಲ್ಪ ತಿರುಗಿಯೂ ಕೂರುತ್ತದೆ. ನಿಮ್ಮ ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೋಡಿದ್ದೀರಲ್ಲ? ಹ್ಯಾಂಡಲ್ ತಾನಾಗಿ ನೇರಕ್ಕೆ ಬರಲು ಆ ಓರೆಯೂ ಒಂದು ಕಾರಣ. ಗಾಡಿಯಲ್ಲಿ ಆ ಓರೆ ಕಡಿಮೆಯಾದರೆ ಸ್ಟಿಯರಿಂಗ್ ಅತ್ತಿತ್ತ ಅಲೆಯುತ್ತದೆ. ಅದಕ್ಕೆ ಬೇರೆ ಬುಶ್ ಹಾಕಬೇಕು. ಹೆಡ್‌ಲೈಟನ್ನು ತಗ್ಗಿಸಬೇಕು, ಇಲ್ಲದಿದ್ದರೆ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಮತ್ತೆ ಬ್ರೇಕ್ ಹೋಸ್, ಅಂದರೆ ಚಾಸಿಯಿಂದ ಚಕ್ರಕ್ಕೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಕೊಳವೆ. ಅದನ್ನೂ ಉದ್ದ ಮಾಡಬೇಕು.

ಭಾವನ ಗಾಡಿಯಲ್ಲಿ ಬಿಟ್ಟುಹೋದದ್ದು ಇದೇ. ಉದ್ದದ ಶಾಕ್ ಹಾಕಿದ್ದರು, ಹೋಸ್ ಹಳೆಯದೇ. ಮೊದಲು ಆಕ್ಸಲ್ ಜೋತು ಬೀಳುವ ಮಿತಿಯನ್ನು ಶಾಕ್ ಇಡುತ್ತಿತ್ತು ಎಂದೆನಲ್ಲ? ಈಗ ಶಾಕ್ ಉದ್ದವಾಯಿತು, ಆ ಮಿತಿ ಹೋಸಿನ ಕುತ್ತಿಗೆಗೆ ಬಂತು. ಎರಡನೇ ವಾರದ ಒಂದು ಬೆಳಿಗ್ಗೆ ಎಡಬದಿಯ ಮುಂದಿನ ಚಕ್ರ ಕಣಿಗೆ ಇಳಿಯಿತು. ಹೇಗೋ ಮೇಲೆ ಬಂದೆವು. ನಾನು ಪಕ್ಕದ ಸೀಟಿನಲ್ಲಿದ್ದೆ, ಸೊಸೆ ಹಿಂದೆ ಚೀಲ ಹಿಡಿದು ಕೂತಿದ್ದಳು. ಮುಂದಿನ ಇಳಿಜಾರಿನಲ್ಲಿ ಭಾವ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಹೋಸಿನ ಜೋಡಣೆಯಲ್ಲಿ ಎಣ್ಣೆ ಸೋರಿತ್ತು. ಈಗಿನ ಗಾಡಿಗಳಲ್ಲಿ ಬ್ರೇಕ್ ಎಣ್ಣೆಯ ದಾರಿ ಎರಡಿರುತ್ತದೆ. ಒಂದು ಸೋತರೆ ಇನ್ನೊಂದು ಸ್ವಲ್ಪ ಹಿಡಿಯುತ್ತದೆ. ಅದು, ಒಂದನೇ ಗೇರು, ಹ್ಯಾಂಡ್‌ಬ್ರೇಕ್ ಮೂರೂ ಸೇರಿ ಗಾಡಿ ತಿರುವಿನ ಮೊದಲು ನಿಂತಿತು. ತಿರುವಿನ ಕೆಳಗೆ ತೋಡು. ಭಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಗುಚುವ ಲೆಕ್ಕ

ಇನ್ನೊಂದು ವಿಷಯ ಗುರುತ್ವ ಕೇಂದ್ರ. ಅದರಿಂದ ಕೆಳಗೆ ಎಳೆದ ಲಂಬರೇಖೆ ಚಕ್ರಗಳ ಹೊರಗೆ ಬಿದ್ದರೆ ಗಾಡಿ ಮಗುಚುತ್ತದೆ. ಜಿಮ್ನಿಯ ಎಡ ಬಲ ಚಕ್ರಗಳ ನಡುವಿನ ಅಂತರ ಸರಾಸರಿ 1400 ಮಿ.ಮೀ., ಅರ್ಧ 700. ಗುರುತ್ವ ಕೇಂದ್ರ 650 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. 700/650 ಯಾವ ಕೋನದ ಟ್ಯಾನ್? ಸುಮಾರು 47 ಡಿಗ್ರಿ. 50 ಮಿ.ಮೀ. ಲಿಫ್ಟಿನಲ್ಲಿ ಆಕ್ಸಲ್, ಚಕ್ರ ಕೆಳಗೇ ಉಳಿಯುವುದರಿಂದ ಗುರುತ್ವ ಕೇಂದ್ರ ಸುಮಾರು 40 ಏರುತ್ತದೆ. ತಲೆಯ ಮೇಲೆ 12 ಕಿಲೋದ ಖಾಲಿ ಕ್ಯಾರಿಯರ್ ಇಟ್ಟರೆ ಇನ್ನೊಂದು 10. ಒಟ್ಟು 700. 700/700 ಅಂದರೆ 1, ಕೋನ 45 ಡಿಗ್ರಿ.

ಎರಡೇ ಡಿಗ್ರಿ ಅಲ್ವಾ ಎನ್ನಬೇಡಿ. ಸ್ಪ್ರಿಂಗ್ ಒಂದು ಬದಿಗೆ ಕುಗ್ಗುವುದರಿಂದ ನಿಜವಾದ ಗಾಡಿ ಈ ಲೆಕ್ಕಕ್ಕಿಂತ ಮೊದಲೇ ಮಗುಚುತ್ತದೆ. ಒಂದು ಬದಿಯ ಚಕ್ರಗಳು 300 ಮಿ.ಮೀ. ಗುಂಡಿಗೆ ಇಳಿದರೆ 12 ಡಿಗ್ರಿ ಅಲ್ಲೇ ಹೋಯಿತು. ಕ್ಯಾರಿಯರಿನಲ್ಲಿ ಎರಡು ಗೋಣಿ ಅಡಿಕೆ ಹೇರಿದರೆ ಇನ್ನಷ್ಟು. ಕೆಸರಿನಲ್ಲಿ ಜಾರಿದ ಗಾಡಿ ಮುರಕಲ್ಲಿನ ಅಂಚಿಗೆ ಡಿಕ್ಕಿ ಹೊಡೆದರೆ ಮಗುಚಲು ಇಷ್ಟು ಕೋನವೂ ಬೇಡ.

ನೀವೇ ಪರೀಕ್ಷಿಸಿ. ಒಂದು ಹಲಗೆಯ ಮೇಲೆ ಬೆಂಕಿಪೊಟ್ಟಣವನ್ನು ನಿಲ್ಲಿಸಿ, ಜಾರದಂತೆ ಕೆಳಬದಿಯಲ್ಲಿ ಎರಡು ಗುಂಡುಸೂಜಿ ಚುಚ್ಚಿ. ಹಲಗೆಯ ಒಂದು ತುದಿಯನ್ನು ಮೆಲ್ಲ ಎತ್ತುತ್ತಾ ಪೊಟ್ಟಣ ಬೀಳುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ನಂತರ ಪೊಟ್ಟಣದ ತಲೆಯ ಮೇಲೆ ಒಂದು ರಬ್ಬರ್ ಅಂಟಿಸಿ ಮತ್ತೆ ಅಳೆಯಿರಿ. ಮೂರನೇ ಸಲ ರಬ್ಬರನ್ನು ಬುಡದ ಹತ್ತಿರ ಪೊಟ್ಟಣದ ಒಳಗೆ ಇಡಿ. ಮೂರು ಕೋನಗಳನ್ನು ಪಟ್ಟಿ ಮಾಡಿ.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸಿನಿಮಾದ ಗಾಡಿ ನೋಡಿ ಆಸೆಪಡುವ ಅಣ್ಣಂದಿರು ಮನೆಯಲ್ಲಿದ್ದರೆ ಈ ಭಾಗವನ್ನು ಓದಿ ಹೇಳಿ.

ದಿಬ್ಬಕ್ಕೇ ಮದ್ದು

ಭಾವ ಹಳೇ ಸ್ಪ್ರಿಂಗ್, ಹಳೇ ಶಾಕ್ ಮತ್ತೆ ಹಾಕಿಸಿದರು. ಹೋಸ್ ಹೊಸದು. ಒಂದು ಆದಿತ್ಯವಾರ ನಾವಿಬ್ಬರು ಮತ್ತು ನೆರೆಮನೆಯವರು ಹಾರೆ, ಪಿಕ್ಕಾಸು ಹಿಡಿದು ಹೋದೆವು. ಕರ್‌ರ್ ಎನ್ನುವ ಜಾಗಗಳು ಲೆಕ್ಕ ಹಾಕಿದರೆ ನಾಲ್ಕೇ. ನಡುವಿನ ದಿಬ್ಬ ಕೆತ್ತಿ, ಆ ಮಣ್ಣಿಗೆ ಮುರಕಲ್ಲಿನ ಚೂರು ಸೇರಿಸಿ ಚಕ್ರದ ಗುಂಡಿಗೆ ತುಂಬಿದೆವು. ನೀರು ಹರಿದುಹೋಗಲು ಬದಿಗೆ ಕಣಿ ಕಡಿದೆವು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆವು. ಈಗ ಇಳಿಜಾರಿನಲ್ಲಿ ಭಾವ ಫೋರ್‌ವೀಲಿನ ಲೋ ಗೇರು ಹಾಕಿ ಮೆಲ್ಲ ಇಳಿಸುತ್ತಾರೆ. ಹಿಂದೆ ಕೂತ ಮಕ್ಕಳಿಗೂ ಸೀಟ್ ಬೆಲ್ಟ್.

ನಿಮಗೊಂದು ಕೆಲಸ. ನಿಮ್ಮ ಮನೆಯ ಅಥವಾ ಊರಿನ ಯಾವುದಾದರೂ ಗಾಡಿಯ ಟೈರಿನ ಬದಿ ಓದಿ ಅದರ ವ್ಯಾಸ ಕಂಡುಹಿಡಿಯಿರಿ. ಗಾಡಿ ಸಮತಟ್ಟು ನೆಲದಲ್ಲಿ ನಿಂತು ಎಂಜಿನ್ ಆಫ್ ಆಗಿರುವಾಗ, ಹಿರಿಯರನ್ನು ಕೇಳಿಕೊಂಡು, ಹೊರಗಿನಿಂದಲೇ ಬಗ್ಗಿ ಅಡಿಭಾಗ ನೋಡಿ. ನೆಲಕ್ಕೆ ಅತಿ ಹತ್ತಿರ ಇರುವ ಭಾಗ ಯಾವುದು? ಅದು ಸ್ಪ್ರಿಂಗಿನ ಮೇಲಿನ ಪಾಲಿನದ್ದೋ, ಕೆಳಗಿನದ್ದೋ? ಚಿತ್ರ ಬರೆದು, ಬೆಂಕಿಪೊಟ್ಟಣದ ಪಟ್ಟಿಯ ಜೊತೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಅವರು ಕಾಗದ ಪೆನ್ನಿಲ್ಲದೆ "ಆಯ್ತು, ಸರಿ ಉಂಟು" ಎಂದರೆ ಬಿಡಬೇಡಿ, ಲೆಕ್ಕ ಕೇಳಿ.