ಹರಳಿನ ಮುಖ ನೋಡಿ ರೋಗ ಗುರುತಿಸುವವರು

ಚೆನ್ನೈನ ಆರ್ಕಾಟ್ ರಸ್ತೆ ಮೌಂಟ್–ಪೂನಮಲ್ಲಿ ರಸ್ತೆಗೆ ಸೇರುವ ಕಡೆ ಪೋರೂರು ಇದೆ. ಅಲ್ಲಿನ ಕೆರೆಯಷ್ಟೇ ಹೆಸರಾದದ್ದು ಶ್ರೀ ರಾಮಚಂದ್ರ ಆಸ್ಪತ್ರೆ. 1985ರಲ್ಲಿ ವೈದ್ಯಕೀಯ ಕಾಲೇಜಾಗಿ ಶುರುವಾದ ಸಂಸ್ಥೆ ಈಗ ಡೀಮ್ಡ್ ವಿಶ್ವವಿದ್ಯಾಲಯ. ಇಂಥ ಬೋಧನಾ ಆಸ್ಪತ್ರೆಗಳಿಗೆ ಹೋದವರು ವೈದ್ಯರನ್ನು ನೆನಪಿಟ್ಟುಕೊಳ್ಳುತ್ತಾರೆ. ಪ್ಯಾಥಾಲಜಿ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರನ್ನು ನೋಡುವುದೇ ಇಲ್ಲ. ಅವರ ವಿದ್ಯೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಮೂತ್ರದಲ್ಲೂ ಕೀಲಿನ ನೀರಿನಲ್ಲೂ ಹುಟ್ಟುವ ಹರಳುಗಳನ್ನು ಆಕಾರದಿಂದಲೇ ಗುರುತು ಹಿಡಿಯುವುದು.

ವಿಧಾನ ಸರಳ. ಹತ್ತು–ಹನ್ನೆರಡು ಮಿಲಿ ಲೀಟರ್ ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ಐದು ನಿಮಿಷ ತಿರುಗಿಸಿ, ಮೇಲಿನ ನೀರು ಚೆಲ್ಲಿ, ತಳದ ಗಸಿಯ ಒಂದು ಹನಿಯನ್ನು ಸ್ಲೈಡಿನ ಮೇಲೆ ಬಿಟ್ಟು ನೋಡುತ್ತಾರೆ. ಕ್ಯಾಲ್ಸಿಯಂ ಆಕ್ಸಲೇಟ್ ಡೈಹೈಡ್ರೇಟ್ ಆಗಿದ್ದರೆ ನಡುವೆ ಗುಣಾಕಾರ ಚಿಹ್ನೆಯಿರುವ ಲಕೋಟೆಯಂತೆ ಕಾಣುತ್ತದೆ. ಅದೇ ಆಕ್ಸಲೇಟ್‌ನ ಮೊನೊಹೈಡ್ರೇಟ್ ರೂಪ ಮೊಟ್ಟೆಯಾಕಾರ ಅಥವಾ ಡಂಬೆಲ್. ಸ್ಟ್ರುವೈಟ್ ಶವಪೆಟ್ಟಿಗೆಯ ಮುಚ್ಚಳದಂತಿರುತ್ತದೆ; ಯೂರಿಯಾ ಒಡೆಯುವ ಬ್ಯಾಕ್ಟೀರಿಯಾಗಳ ಸೋಂಕಿನಿಂದ ಮೂತ್ರ ಕ್ಷಾರೀಯವಾದಾಗ ಹುಟ್ಟುವ ಹರಳು ಅದು. ಆರು ಮೂಲೆಯ ತೆಳು ಫಲಕ ಕಂಡರೆ ಸಿಸ್ಟಿನ್, ಅಂದರೆ ವಂಶವಾಹಿ ಕಾಯಿಲೆ. ಆ ಒಂದು ಷಟ್ಕೋನ ಕಂಡ ಕೂಡಲೇ ಇಡೀ ಕುಟುಂಬದ ತಪಾಸಣೆ ಶುರುವಾಗಬೇಕು.

ಇಷ್ಟೊಂದು ಆಕಾರಗಳು ಏಕೆ? ಹರಳಿನ ಒಳಗಿನ ಅಣುವಿಗೆ ಎಲ್ಲ ದಿಕ್ಕಿನಲ್ಲೂ ನೆರೆಯವರಿದ್ದಾರೆ. ಹೊರಮುಖದ ಅಣುವಿಗೆ ಒಂದು ಕಡೆ ಯಾರೂ ಇಲ್ಲ. ಹೀಗೆ ಪೂರೈಸದೆ ಉಳಿದ ಬಂಧಗಳ ಹೆಚ್ಚುವರಿ ಶಕ್ತಿಯೇ ಮೇಲ್ಮೈ ಶಕ್ತಿ. ಅಣುಗಳ ಜೋಡಣೆ ಮುಖದಿಂದ ಮುಖಕ್ಕೆ ಬೇರೆಯಾದ್ದರಿಂದ ಈ ಶಕ್ತಿಯೂ ಬೇರೆ. ಸಮತೋಲನದಲ್ಲಿ, ಹರಳಿನ ಕೇಂದ್ರದಿಂದ ಒಂದು ಮುಖಕ್ಕಿರುವ ದೂರ ಆ ಮುಖದ ಮೇಲ್ಮೈ ಶಕ್ತಿಗೆ ಅನುಪಾತದಲ್ಲಿರುತ್ತದೆ ಎಂದು ಹರಳುವಿಜ್ಞಾನಿ ವುಲ್ಫ್ 1901ರಲ್ಲಿ ಪ್ರತಿಪಾದಿಸಿದ. ಕಡಿಮೆ ಶಕ್ತಿಯ ಮುಖ ಕೇಂದ್ರಕ್ಕೆ ಹತ್ತಿರ ನಿಂತು ಅಗಲವಾಗುತ್ತದೆ. ದೇಹದೊಳಗೆ ಸಮತೋಲನಕ್ಕೆ ಪುರಸೊತ್ತಿಲ್ಲ. ಅಲ್ಲಿ ಬೆಳವಣಿಗೆಯ ವೇಗವೂ ಆಕಾರವನ್ನು ನಿರ್ಧರಿಸುತ್ತದೆ. ಬೇಗ ಬೆಳೆಯುವ ಮುಖ ಸವೆದು ಮಾಯವಾಗುತ್ತದೆ, ನಿಧಾನಿಯೇ ಕೊನೆಗೆ ಉಳಿಯುತ್ತದೆ.

ಇದು ಪುಸ್ತಕದ ಮಾತಾಗಿ ಉಳಿದಿಲ್ಲ. 1986ರಲ್ಲಿ ಬಂದ ಪರಮಾಣು ಬಲ ಸೂಕ್ಷ್ಮದರ್ಶಕ ಹರಳಿನ ಮೇಲ್ಮೈಯನ್ನು ಮೊನಚಾದ ಸೂಜಿಯಿಂದ ಸವರಿ, ಅಣುಗಳ ಮೆಟ್ಟಿಲುಗಳು ಬೆಳೆಯುವುದನ್ನು ದ್ರಾವಣದಲ್ಲೇ ತೋರಿಸುತ್ತದೆ. ಸಿಟ್ರೇಟ್ ಬೆರೆಸಿದರೆ ಅದು ಆಕ್ಸಲೇಟ್ ಹರಳಿನ ಕೆಲವು ಮುಖಗಳ ಮೆಟ್ಟಿಲಿಗೆ ಆಯ್ದು ಅಂಟಿಕೊಂಡು ಬೆಳವಣಿಗೆಯನ್ನು ತಡೆಯುತ್ತದೆ, ಆಕಾರವೂ ಬದಲಾಗುತ್ತದೆ. ಮೂತ್ರಪಿಂಡದಲ್ಲಿ ಇಂಥ ಹರಳುಗಳ ಕಲ್ಲು ಮರುಕಳಿಸುವ ಅನೇಕರಿಗೆ ವೈದ್ಯರು ಪೊಟ್ಯಾಷಿಯಂ ಸಿಟ್ರೇಟ್ ಬರೆದುಕೊಡುವುದರ ಹಿಂದೆ, ಅದು ಮೂತ್ರದ ಕ್ಯಾಲ್ಸಿಯಂ ಹಿಡಿದಿಡುವುದರ ಜೊತೆಗೆ, ಈ ಕಾರಣವೂ ಇದೆ.

ಕೀಲಿನ ನೀರಿನ ಪರೀಕ್ಷೆಯೂ ಇದೇ ವಿದ್ಯೆಯ ಇನ್ನೊಂದು ಕವಲು. 1961ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲಾಂಡರ್ ಧ್ರುವೀಕೃತ ಬೆಳಕಿನಲ್ಲಿ ಗೌಟ್ ರೋಗಿಗಳ ಕೀಲಿನ ಯೂರೇಟ್ ಹರಳುಗಳನ್ನು ಗುರುತಿಸಿದರು. ಸೂಜಿಯಂಥ ಆ ಹರಳು ಸೂಕ್ಷ್ಮದರ್ಶಕದ ಕಾಂಪೆನ್ಸೇಟರ್ ಫಲಕದ ಅಕ್ಷಕ್ಕೆ ಸಮಾನಾಂತರವಾಗಿದ್ದರೆ ಹಳದಿ, ಅಡ್ಡವಾಗಿದ್ದರೆ ನೀಲಿ. ಗೌಟನ್ನೇ ಹೋಲುವ ಇನ್ನೊಂದು ಕೀಲುರೋಗದ ಪೈರೊಫಾಸ್ಫೇಟ್ ಹರಳು ಗಿಡ್ಡ, ಬಣ್ಣವೂ ತಿರುವು ಮುರುವು. ಎರಡರಲ್ಲೂ ಮೊಣಕಾಲು ಒಂದೇ ರೀತಿ ಊದಿಕೊಳ್ಳಬಹುದು, ಆದರೆ ಯೂರಿಕ್ ಆಮ್ಲ ಇಳಿಸುವ ಮಾತ್ರೆ ಎರಡನೆಯದಕ್ಕೆ ಉಪಯೋಗವಿಲ್ಲ. ಆದ್ದರಿಂದ ಕಣ್ಣು ಪಳಗಿದವರು ಲ್ಯಾಬಿನಲ್ಲಿರಲೇಬೇಕು. ಯಂತ್ರಗಳು ಎಷ್ಟೇ ಬಂದರೂ ಸಂಶಯದ ಸ್ಲೈಡು ಕೊನೆಗೆ ಅವರ ಮುಂದೆಯೇ ಬರುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಮೂತ್ರದ ಮಾದರಿಯನ್ನು ಬೆಳಗ್ಗೆ ಹಿಡಿದು ಸಂಜೆ ಕೊಡಬೇಡಿ. ತಣ್ಣಗಾದ ಹಳೆಯ ಮಾದರಿಯಲ್ಲಿ ದೇಹದಲ್ಲಿ ಇಲ್ಲದ ಹರಳುಗಳೂ ಹುಟ್ಟುತ್ತವೆ. ಎರಡು ಗಂಟೆಯೊಳಗೆ ತಲುಪಿಸಿ. ಕಲ್ಲು ತಾನಾಗಿ ಹೊರಬಿದ್ದರೆ ಎಸೆಯದೆ, ತೊಳೆದು ಒಣಗಿಸಿ, ಶುಭ್ರ ಡಬ್ಬಿಯಲ್ಲಿ ವೈದ್ಯರಿಗೆ ತಲುಪಿಸಿ.