ಷೇರುಪತ್ರಗಳ ಗುರುತಿನ ಸಂಖ್ಯೆ: ಒಂದು ಪರಿಚಯ

ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಶಾಲೆಗಳಲ್ಲಿ ಸಿದ್ಧರಾಮ, ಮಲ್ಲಿನಾಥ ಎಂಬ ಹೆಸರಿನವರು ಒಂದೇ ತರಗತಿಯಲ್ಲಿ ಇಬ್ಬರು ಮೂವರು ಇರುವುದುಂಟು. ಆದರೆ ಶಾಲೆಯ ಜನರಲ್ ರಜಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೇ ಸಂಖ್ಯೆ. ಷೇರು, ಸಾಲಪತ್ರ, ಮ್ಯೂಚುವಲ್ ಫಂಡುಗಳಿಗೂ ಇಂಥದೇ ವ್ಯವಸ್ಥೆಯಿದೆ.

ಕಂಪನಿಯ ಹೆಸರೊಂದೇ ಸಾಲದೆಂಬುದಕ್ಕೆ ನಮ್ಮ ಊರಿನ ಇತಿಹಾಸದಲ್ಲಿಯೇ ನಿದರ್ಶನವಿದೆ. ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯ ಆಡಳಿತವನ್ನು ಸರ್ಕಾರವು 1950ರಲ್ಲಿ ವಹಿಸಿಕೊಂಡಿತು. ಹೊಸ ನಿರ್ದೇಶಕರು ಆದ್ಯತಾ ಷೇರುಗಳ ಮೇಲೆ ಬಾಕಿಯಿದ್ದ ಹಣವನ್ನು ಕೇಳಿದರು. ಆದ್ಯತಾ ಷೇರುದಾರರಾದ ದ್ವಾರಕಾದಾಸ ಶ್ರೀನಿವಾಸರು ನ್ಯಾಯಾಲಯದ ಮೊರೆಹೊಕ್ಕರು. 1953ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಒಂದೇ ಗಿರಣಿಯಾದರೂ ಸಾಮಾನ್ಯ ಷೇರು ಬೇರೆ, ಆದ್ಯತಾ ಷೇರು ಬೇರೆ. ಅವುಗಳ ಹಕ್ಕು ಮತ್ತು ಹೊಣೆಗಳೂ ಬೇರೆ. 'ಗಿರಣಿಯ ಷೇರು ಇದೆ' ಎಂದಷ್ಟೇ ಹೇಳಿದರೆ ಈ ಭೇದವು ತಿಳಿಯದು.

ಈ ಭೇದವನ್ನು ಇಂದು ತೋರಿಸುವುದು ಐಎಸ್‌ಐಎನ್ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಅಂತರರಾಷ್ಟ್ರೀಯ ಸಂಖ್ಯೆ. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿರುವ ಪ್ರಿಸಿಶನ್ ಕ್ಯಾಮ್‌ಶಾಫ್ಟ್ಸ್ ಕಂಪನಿಯನ್ನು ಉದಾಹರಣೆಗಾಗಿ ಮಾತ್ರ ನೋಡೋಣ. ಅದರ ಷೇರಿನ ಸಂಖ್ಯೆ ಐಎನ್‌ಇ484ಐ01029. 'ಐಎನ್' ಎಂದರೆ ಭಾರತ, 'ಇ' ಎಂದರೆ ಕಂಪನಿ, '484ಐ' ಎಂಬುದು ಆ ಕಂಪನಿಯ ಗುರುತು, '01' ಸಾಮಾನ್ಯ ಷೇರು, '02' ಕ್ರಮಸಂಖ್ಯೆ, ಕೊನೆಯ '9' ತಾಳೆಯ ಅಂಕಿ. ಬರೆಯುವಾಗ ಒಂದು ಅಂಕಿ ತಪ್ಪಿದರೂ ತಾಳೆ ಕೂಡುವುದಿಲ್ಲ.

ಮೂರನೆಯ ಸ್ಥಾನದಲ್ಲಿ 'ಎಫ್' ಇದ್ದರೆ ಮ್ಯೂಚುವಲ್ ಫಂಡ್ ಎಂದೂ '9' ಇದ್ದರೆ ಪೂರ್ಣ ಹಣ ಸಂದಾಯವಾಗದ ಷೇರು ಎಂದೂ ತಿಳಿಯಬೇಕು. ಅಂದಿನ ಗಿರಣಿಯ ಷೇರುದಾರರನ್ನು ಕಾಡಿದ ಬಾಕಿಯ ಸಂಗತಿ ಇಂದು ಸಂಖ್ಯೆಯಲ್ಲಿಯೇ ಕಾಣುತ್ತದೆ.

ಹೆಸರು ಮಾತ್ರ ಬದಲಾದರೆ ಸಾಮಾನ್ಯವಾಗಿ ಸಂಖ್ಯೆ ಬದಲಾಗದು. ಇನ್ಫೋಸಿಸ್ ಟೆಕ್ನಾಲಜೀಸ್ 2011ರಲ್ಲಿ ಇನ್ಫೋಸಿಸ್ ಆದಾಗ ಹಳೆಯ ಸಂಖ್ಯೆಯೇ ಉಳಿಯಿತು. ಮುಖಬೆಲೆ ಬದಲಾದರೆ ಹೊಸ ಸಂಖ್ಯೆ ಬರುತ್ತದೆ. 2014ರಲ್ಲಿ ಸ್ಟೇಟ್ ಬ್ಯಾಂಕಿನ 10 ರೂಪಾಯಿಯ ಷೇರು 1 ರೂಪಾಯಿಯದಾದಾಗ ಐಎನ್‌ಇ062ಎ01012 ಹೋಗಿ ಐಎನ್‌ಇ062ಎ01020 ಬಂದಿತು.

ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಷೇರುಪತ್ರ ದೊರೆತವರಿಗೆ ಈ ತಿಳಿವಳಿಕೆ ವಿಶೇಷವಾಗಿ ಅವಶ್ಯ. ಹಳೆಯ ಪತ್ರಗಳಲ್ಲಿ ಫೋಲಿಯೋ ಸಂಖ್ಯೆ ಇರುತ್ತದೆ, ಐಎಸ್‌ಐಎನ್ ಇರುವುದಿಲ್ಲ. ಕಂಪನಿಯ ರಜಿಸ್ಟ್ರಾರರಿಗೆ ಪತ್ರ ಬರೆದು ಫೋಲಿಯೋದ ಇಂದಿನ ಸ್ಥಿತಿಯನ್ನೂ ಷೇರಿನ ಈಗಿನ ಐಎಸ್‌ಐಎನ್ ಅನ್ನೂ ಕೇಳಬೇಕು. ಸತತ ಏಳು ವರ್ಷ ಲಾಭಾಂಶವನ್ನು ಪಡೆಯದಿದ್ದರೆ ಅಂಥ ಷೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಸೇರುತ್ತವೆ. ಆಗಲೂ ಹಕ್ಕುದಾರರು ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು.

ಆದುದರಿಂದ ಪ್ರತಿಯೊಂದು ಕುಟುಂಬವೂ ಒಂದು ವಹಿಯಲ್ಲಿ ಕಂಪನಿಯ ಹೆಸರು, ಐಎಸ್‌ಐಎನ್, ಷೇರುಗಳ ಸಂಖ್ಯೆ, ಡಿಮ್ಯಾಟ್ ಖಾತೆ ಮತ್ತು ನಾಮಿನಿಯ ಹೆಸರನ್ನು ಬರೆದಿಡುವುದು ಲೇಸು. ದುಡಿದು ಉಳಿಸಿದವರ ಹಣವು ಮಕ್ಕಳ ಕೈಗೆ ತಲುಪಲು ಆ ಒಂದು ಪುಟ ನೆರವಾದೀತು.