ಸ್ಪ್ರಿಂಗನ್ನು ಕತ್ತರಿಸುವ ಮುನ್ನ

ತಾಳವಾಡಿಯ ಕನ್ನಡಿಗರು ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಆಸ್ಪತ್ರೆಗಾಗಲಿ ಮದುವೆಗಾಗಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡ ಕಾರು ಪ್ರತಿ ತಿರುವಿನಲ್ಲಿಯೂ ಹೊರಮಗ್ಗುಲಿಗೆ ವಾಲುತ್ತದೆ. ಹಿಂದೆ ಕುಳಿತ ಹಿರಿಯರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಇದಕ್ಕೆ ಕೆಲವು ತರುಣರು ಕಂಡುಕೊಂಡಿರುವ ಅಗ್ಗದ ಉಪಾಯವೆಂದರೆ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕತ್ತರಿಸಿ ಕಾರನ್ನು ತಗ್ಗಿಸುವುದು. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಾಚಕರೊಡನೆ ವಿಚಾರಮಾಡಬಯಸುತ್ತೇವೆ.

ಸ್ಪ್ರಿಂಗು ಭಾರವನ್ನು ಹೊರುತ್ತದೆ, ಏಟನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಅರಗಿಸಿಕೊಳ್ಳಲಾರದೆ ಮರಳಿ ಎಸೆಯುತ್ತದೆ. ಅದೊಂದೇ ಇದ್ದರೆ ಒಂದು ಗುಂಡಿ ದಾಟಿದ ಕಾರು ಬಹು ದೂರ ತೂಗಾಡುತ್ತಲೇ ಸಾಗೀತು. ಆ ತೂಗಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. (ಏಟನ್ನು ನುಂಗುವುದು ಸ್ಪ್ರಿಂಗು, ಹೆಸರು ಪಡೆದದ್ದು ಇದು!) ಇದರ ಕೊಳವೆಯೊಳಗೆ ಪಿಸ್ಟನ್ನು ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ನುಗ್ಗಿಸುತ್ತದೆ, ಚಲನೆಯ ಶಕ್ತಿಯು ಶಾಖವಾಗಿ ಕಳೆದುಹೋಗುತ್ತದೆ.

ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಎರಡನ್ನು ಕತ್ತರಿಸಿದರೆ ಅದರ ಬಿಗಿತ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಶಾಕ್ ಅಬ್ಸಾರ್ಬರು ಮಾತ್ರ ಹಳೆಯದೇ. ಬಿಗಿಯಾದ ಸ್ಪ್ರಿಂಗನ್ನು ಹತೋಟಿಯಲ್ಲಿಡಲು ಅದಕ್ಕೆ ಬಲ ಸಾಲದು. ಚಕ್ರ ಮೇಲೇರಲು ಇದ್ದ ಜಾಗವೂ ಕುಗ್ಗಿ, ತುಂಬಿದ ಕಾರು ರಬ್ಬರ್ ತಡೆಗೆ ಬಡಿಯುತ್ತದೆ. ಆ ಕ್ಷಣ ಟೈರಿನ ಹಿಡಿತ ಸಡಿಲುತ್ತದೆ. ತಿರುವಿನಲ್ಲಿ ಕಾರನ್ನು ಉಳಿಸುವುದು ಆ ಹಿಡಿತವೊಂದೇ. ಚಕ್ರ ಕೆಳಕ್ಕೆ ಜೋತಾಗ ಗಿಡ್ಡ ಸ್ಪ್ರಿಂಗು ತನ್ನ ನೆಲೆಯಿಂದ ಜಾರುವ ಅಪಾಯ ಬೇರೆ.

ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳಿಗೂ ಒಂದು ಹೊಂದಾಣಿಕೆಯುಂಟು. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಇಂಜಿನಿಯರ್ ಮಾರಿಸ್ ಆಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಉಬ್ಬನ್ನು ಮೊದಲು ಹತ್ತುವುದು ಮುಂಚಕ್ರ; ಆದುದರಿಂದ ಹಿಂಭಾಗ ತುಸು ಬೇಗನೆ ತೂಗಿದರೆ ಎರಡೂ ಸಮಗೂಡಿ ಕಾರು ಮಟ್ಟವಾಗಿ ಸಾಗುತ್ತದೆ. ಒಂದು ತುದಿಯನ್ನಷ್ಟೇ ಬಿಗಿಗೊಳಿಸಿದವರು ಈ ಲೆಕ್ಕವನ್ನು ಕೆಡಿಸುತ್ತಾರೆ.

ವಾಲುವಿಕೆಗೆ ನೇರವಾದ ಮದ್ದು ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಸರಳು. ಅದನ್ನೂ ಅಳತೆಯರಿತು ಹಾಕಿಸತಕ್ಕದ್ದು: ಹಿಂದಿನದು ಅತಿಯಾದರೆ ತಿರುವಿನಲ್ಲಿ ಕಾರಿನ ಹಿಂಭಾಗವೇ ಹೊರಕ್ಕೆ ಜಾರೀತು.

ಇಷ್ಟೆಲ್ಲಕ್ಕೂ ಮೊದಲು ಟೈರಿನ ಗಾಳಿ, ಸವೆದ ಬುಷ್‌ಗಳು, ಎಣ್ಣೆ ಸೋರುತ್ತಿರುವ ಶಾಕ್ ಅಬ್ಸಾರ್ಬರುಗಳು, ಇವನ್ನು ಪರೀಕ್ಷಿಸಿರಿ. ಬಹುಪಾಲು ಹಳೆಯ ಕಾರುಗಳ ರೋಗ ಇಲ್ಲಿಯೇ ಇರುತ್ತದೆಂಬುದು ನಮ್ಮ ಅಭಿಪ್ರಾಯ. ಬದಲಿಸುವಾಗ ಎಡಬಲದ ಜೋಡಿಯನ್ನೇ ಬದಲಿಸಿರಿ. ಬಿಗಿತವನ್ನು ಹೊಂದಿಸಿಕೊಳ್ಳಬಹುದಾದ ಶಾಕ್ ಅಬ್ಸಾರ್ಬರುಗಳಿದ್ದರೆ ಮೆತ್ತಗಿನಿಂದ ಆರಂಭಿಸಿ, ಒಂದೊಂದೇ ಮೆಟ್ಟಿಲೇರಿಸಿ, ಅದೇ ರಸ್ತೆಯಲ್ಲಿ ಅದೇ ಭಾರದೊಡನೆ ಓಡಿಸಿ ಬರೆದಿಡಿರಿ. ತೂಗಾಟ ನಿಂತೊಡನೆ ನೀವೂ ನಿಲ್ಲಿರಿ. ಅದಕ್ಕೂ ಮೀರಿದರೆ ಒರಟು ರಸ್ತೆಯಲ್ಲಿ ಚಕ್ರ ನೆಲಬಿಟ್ಟು ಕುಪ್ಪಳಿಸುತ್ತದೆ. ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆಂಬುದನ್ನೂ ಗರಗಸ ಹಿಡಿದ ತರುಣರಿಗೆ ತಿಳಿಸಿರಿ.